ಮೊದಲ ಸಲ ಬೀಚ್ ಕ್ಲಬ್ಬಿಗೆ: ಶಿರಸಿಯಿಂದ ಅಪ್ಪಯ್ಯ, ಆಯಿಯನ್ನು ಕರೆದುಕೊಂಡು ಒಂದು ದಿನ ಹೋಗಿಬರುವುದು ಹೇಗೆ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ನನ್ನ ಅಪ್ಪಯ್ಯ ಮತ್ತು ಆಯಿಯ ಮದುವೆಯಾಗಿ 40 ವರ್ಷ ತುಂಬುತ್ತದೆ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿ ನೆಂಟರಿಗೆ ಊಟ ಹಾಕುವುದು ಹೇಗೂ ಇದ್ದೇ ಇದೆ. ಅದರ ಜೊತೆಗೆ ಅವರಿಬ್ಬರಿಗೆಂದೇ ಏನಾದರೂ ಮಾಡಬೇಕೆಂದು ಬೆಂಗಳೂರಿನಲ್ಲಿರುವ ತಮ್ಮ ಹಟ ಹಿಡಿದಿದ್ದಾನೆ. ದಕ್ಷಿಣ ಗೋವಾದ ಯಾವುದಾದರೊಂದು ಒಳ್ಳೆಯ ಬೀಚ್ ಕ್ಲಬ್ಬಿನಲ್ಲಿ (ಹಣ ಕೊಟ್ಟು ಸಮುದ್ರದ ದಂಡೆಯಲ್ಲಿ ನೆರಳು, ಕುರ್ಚಿ, ಊಟ ಪಡೆದು ಕೂರುವ ಜಾಗ) ಇಡೀ ದಿನ ಕಳೆಯಲಿ, ಖರ್ಚು ನನ್ನದು ಎಂಬುದು ಅವನ ಮಾತು.

ಆಯಿ ಸಮುದ್ರ ನೋಡದವಳೇನಲ್ಲ. ಗೋಕರ್ಣಕ್ಕೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದಾಳೆ. ಆದರೆ ಪ್ರತಿಸಲವೂ ಸಮುದ್ರಸ್ನಾನ, ಕೋಟಿತೀರ್ಥ, ಮಹಾಬಲೇಶ್ವರನ ದರ್ಶನ ಎಂದು ಓಡಾಡಿ, ಒದ್ದೆ ಸೀರೆಯನ್ನು ಚೀಲಕ್ಕೆ ತುರುಕಿಕೊಂಡು, ಮೂರು ಗಂಟೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲೇ ತಿರುಗಿ ಬಂದವಳು. ತಮ್ಮ ಫೋನಿನಲ್ಲಿ "ನಿನಗೆ ಏನು ಬೇಕು ಹೇಳು" ಎಂದು ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಇಡೀ ದಿನ ಸಮುದ್ರದ ಎದುರಿಗೆ ಏನೂ ಕೆಲಸವಿಲ್ಲದೆ ಕೂರಬೇಕು" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಹೀಗಾಗಿ ಇದನ್ನು ಸರಿಯಾಗಿಯೇ ಮಾಡಬೇಕೆಂಬ ಆಸೆ ನನ್ನದು.

ನಾವು ಒಟ್ಟು ಐದು ಜನ: ಅಪ್ಪಯ್ಯ, ಆಯಿ, ನಾನು, ನಮ್ಮ ಯಜಮಾನರು ಮತ್ತು ಒಂಬತ್ತು ವರ್ಷದ ಮಗಳು. ಎಲ್ಲರೂ ಸಸ್ಯಾಹಾರಿಗಳು, ಮದ್ಯ ಮುಟ್ಟುವವರು ಯಾರೂ ಇಲ್ಲ. ಅಪ್ಪಯ್ಯನಿಗೆ 71 ವರ್ಷ. ಎಡಗಾಲಿನ ಮಂಡಿ ನೋವಿರುವುದರಿಂದ ಮರಳಿನಲ್ಲಿ ಹೆಚ್ಚು ದೂರ ನಡೆಯಲಾರರು. ಆಯಿ ಸೀರೆ ಬಿಟ್ಟು ಬೇರೇನನ್ನೂ ಉಡುವುದಿಲ್ಲ. ಇಂಥ ಜಾಗದಲ್ಲಿ ಹಣ ಯಾವುದಕ್ಕೆ ತೆಗೆದುಕೊಳ್ಳುತ್ತಾರೆ, ಮೊದಲೇ ಕೇಳಿಕೊಳ್ಳಬೇಕಾದದ್ದೇನು, ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಹೊರಡಬೇಕು, ಶಿರಸಿಯಿಂದ ಒಂದೇ ದಿನದಲ್ಲಿ ಹೋಗಿಬರಲು ಸಾಧ್ಯವೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ. ಅಲ್ಲಿ ಹೋದಮೇಲೆ ಆಯಿಗೆ ತಾನು ಬರಬಾರದ ಜಾಗಕ್ಕೆ ಬಂದೆನೆಂದು ಅನ್ನಿಸಬಾರದು. ನನ್ನ ನಿಜವಾದ ಚಿಂತೆ ಅದೇ.

ಕೋಡಿಬಾಗ, ಕಾರವಾರ

ಅಕ್ಕಾ, ನಮಸ್ಕಾರ. ನಾನು ದಕ್ಷಿಣ ಗೋವಾದ ಹೋಟೆಲುಗಳ ಸ್ವಾಗತ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ನಿಮ್ಮ ಆಯಿಯಂಥ ಅತಿಥಿಗಳು ಬಂದಾಗ ನಮಗೆ ಸಂತೋಷವೇ ಆಗುತ್ತಿತ್ತು. ಸೀರೆ ಉಟ್ಟು ಬಂದ ಹಿರಿಯರನ್ನು ಯಾವ ಒಳ್ಳೆಯ ಜಾಗದವರೂ ಬೇರೆ ಕಣ್ಣಿನಿಂದ ನೋಡುವುದಿಲ್ಲ. ಆ ಅಳುಕು ಬೇಡ.

ಮೊದಲು ಹಣದ ವಿಷಯ ಹೇಳುತ್ತೇನೆ, ಏಕೆಂದರೆ ಮೊದಲ ಸಲ ಬಂದವರ ಮುಖ ಸಪ್ಪೆಯಾಗುವುದನ್ನು ನಾನು ಹೆಚ್ಚಾಗಿ ನೋಡಿರುವುದು ಬಿಲ್ಲು ಕೈಗೆ ಬಂದಾಗ. ಸಮುದ್ರ ಮತ್ತು ಉಬ್ಬರದ ಗೆರೆಯವರೆಗಿನ ಮರಳು ಸಾರ್ವಜನಿಕ ಜಾಗವಾಗಿರುವುದರಿಂದ ಅಲ್ಲಿ ನಡೆಯಲು, ನೀರಿಗಿಳಿಯಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಕ್ಲಬ್ಬಿನವರು ನಿಮಗೆ ಕೊಡುವುದು ನೆರಳು, ಮೆತ್ತನೆಯ ಮಂಚ ಅಥವಾ ಒರಗುಕುರ್ಚಿ, ಈಜುಕೊಳ, ಸ್ವಚ್ಛವಾದ ಸ್ನಾನಗೃಹ, ಒಣಗಿದ ಟವೆಲ್ಲು ಮತ್ತು ಕೂತಲ್ಲಿಗೇ ಬರುವ ಊಟ. ಇದಕ್ಕೆ ಅವರು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತಾರೆ. ಒಂದರಲ್ಲಿ ಊಟವೂ ಸೇರಿದಂತೆ ತಲೆಗೆ ಇಷ್ಟು ಎಂದು ನಿಗದಿಯಾದ ಡೇ ಪ್ಯಾಕೇಜ್ ಇರುತ್ತದೆ. ಇನ್ನೊಂದರಲ್ಲಿ ಮಿನಿಮಮ್ ಸ್ಪೆಂಡ್ ಎಂದು ಒಂದು ಮೊತ್ತ ಇಟ್ಟಿರುತ್ತಾರೆ. ನೀವು ಅಷ್ಟು ಹಣದ ತಿಂಡಿ, ಪಾನೀಯ ತೆಗೆದುಕೊಳ್ಳಲೇಬೇಕು. ತೆಗೆದುಕೊಳ್ಳದಿದ್ದರೂ ಹಣ ತಿರುಗಿ ಬರುವುದಿಲ್ಲ. ಆ ಮೊತ್ತ ಬೇಗ ತುಂಬುವುದು ಮದ್ಯದಿಂದ. ಕುಡಿಯದ, ಸಸ್ಯಾಹಾರಿಗಳಾದ ಐದು ಜನ, ಅದರಲ್ಲೂ ಅಳತೆಯಾಗಿ ಉಣ್ಣುವ ಇಬ್ಬರು ಹಿರಿಯರು ಇರುವ ಮನೆಯವರಿಗೆ ಇದು ನಷ್ಟದ ವ್ಯವಹಾರ. ನೀವು ಊಟ ಸೇರಿದ ಡೇ ಪ್ಯಾಕೇಜನ್ನೇ ಕೇಳಿ.

ತೆರಿಗೆ ಸೇರಿಸಿ ಹೇಳುತ್ತಿದ್ದಾರೆಯೇ ಅಥವಾ ಬಿಟ್ಟು ಹೇಳುತ್ತಿದ್ದಾರೆಯೇ ಎಂಬುದನ್ನು ಫೋನಿನಲ್ಲೇ ಸ್ಪಷ್ಟಪಡಿಸಿಕೊಳ್ಳಿ. ಉದಾಹರಣೆಗೆ ತಲೆಗೆ 3,000 ರೂಪಾಯಿ ಎಂದರೆ ಐದು ಜನರಿಗೆ 15,000 ಎಂದು ನೀವು ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತೀರಿ. ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ ಹಾಕಿದರೆ 16,500, ದೊಡ್ಡ ಹೋಟೆಲುಗಳಲ್ಲಿರುವಂತೆ ಶೇಕಡಾ 18 ಜಿಎಸ್‌ಟಿ ಸೇರಿದರೆ 19,470 ಆಗುತ್ತದೆ. ಈ ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಸಮಾಧಾನದಿಂದ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ; ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ನಿಮ್ಮ ಕೆಲಸ ಮಾಡಿಕೊಟ್ಟ ಹುಡುಗನ ಕೈಗೆ ನೇರವಾಗಿ ಏನಾದರೂ ಕೊಡುವುದು ಬೇರೆಯೇ ವಿಷಯ, ಅದನ್ನು ದಯವಿಟ್ಟು ಮರೆಯಬೇಡಿ.

ಇನ್ನು ದಾರಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಮೇಲೆ ಕಾರವಾರಕ್ಕೆ ಸುಮಾರು 130 ಕಿಲೋಮೀಟರ್. ಅಲ್ಲಿಂದ ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ದಾಟಿ, ಕಾಣಕೋಣದ ಮುಂದೆ ಕರ್ಮಲ್ ಘಾಟ್ ಹತ್ತಿಳಿದು ಬಾಣಾವಲಿ, ವಾರ್ಕಾ ಕಡೆಯ ದೊಡ್ಡ ಹೋಟೆಲುಗಳನ್ನು ಮುಟ್ಟಲು ಮತ್ತೆ ಎರಡು ಗಂಟೆ ಬೇಕು. ಒಂದೇ ದಿನದಲ್ಲಿ ಹೋಗಿಬಂದರೆ ಅಪ್ಪಯ್ಯನವರ ಮಂಡಿ ಕಾರಿನಲ್ಲೇ ಬಿಗಿದುಕೊಳ್ಳುತ್ತದೆ, ಆಯಿಗೆ ಮತ್ತೆ ಅದೇ ಮೂರು ಗಂಟೆಯ ಬಸ್ಸಿನ ಗಡಿಬಿಡಿಯಾಗುತ್ತದೆ. ಹಿಂದಿನ ರಾತ್ರಿ ಕಾರವಾರದಲ್ಲಿ ಉಳಿಯಿರಿ. ಬೆಳಿಗ್ಗೆ ಏಳೂವರೆಗೆ ಹೊರಟರೆ ಒಂಬತ್ತೂವರೆಯಿಂದ ಹತ್ತರೊಳಗೆ ಅಲ್ಲಿರುತ್ತೀರಿ. ವಾರದ ನಡುವಿನ ದಿನವನ್ನೇ ಆರಿಸಿ. ಶನಿವಾರ, ಭಾನುವಾರ ಮಧ್ಯಾಹ್ನದ ಮೇಲೆ ಡಿಜೆ ಸಂಗೀತ ಶುರುವಾದರೆ ಸಮುದ್ರದ ಸದ್ದೇ ಕೇಳುವುದಿಲ್ಲ. ಬಾಡಿಗೆ ಕಾರಾದರೆ ಅದಕ್ಕೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂದು ಹೊರಡುವ ಮೊದಲೇ ಕೇಳಿ, ಇಲ್ಲವಾದರೆ ಗಡಿಯಲ್ಲಿ ನಿಲ್ಲಬೇಕಾಗುತ್ತದೆ. ತಿರುಗಿ ಬರುವಾಗ ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಗಾಡಿ ನೋಡುತ್ತಾರೆ. ನಿಮಗೆ ಸಂಬಂಧವಿಲ್ಲದಿದ್ದರೂ, ಚಾಲಕ ಗೋವಾದ ಬಾಟಲಿ ಇಟ್ಟುಕೊಂಡಿದ್ದರೆ ಗಾಡಿಯಲ್ಲಿದ್ದವರೆಲ್ಲರೂ ಕಾಯಬೇಕಾಗುತ್ತದೆ, ಮೊದಲೇ ಹೇಳಿಬಿಡಿ.

ಕಾಯ್ದಿರಿಸುವಾಗ ಮಂಚ ಯಾವ ಜಾಗದಲ್ಲಿ ಬೇಕೆಂದು ಹೇಳಲು ಹಕ್ಕಿದೆ, ಹೆಚ್ಚಿನವರು ಕೇಳುವುದೇ ಇಲ್ಲ. ನಮ್ಮದು ಪಶ್ಚಿಮ ಕರಾವಳಿಯಾದ್ದರಿಂದ ಬೆಳಿಗ್ಗೆ ಬಿಸಿಲು ಬೆನ್ನ ಹಿಂದಿನಿಂದ ಬರುತ್ತದೆ, ಮೊದಲ ಸಾಲಿನ ಕೊಡೆಯ ಕೆಳಗೆ ಹಿತವಾಗಿರುತ್ತದೆ. ಮಧ್ಯಾಹ್ನ ಎರಡೂವರೆಯ ನಂತರ ಸೂರ್ಯ ಸಮುದ್ರದ ಕಡೆಗೆ ವಾಲಿ ಕೊಡೆಯ ಅಡಿಯಿಂದಲೇ ನೇರ ಮುಖಕ್ಕೆ ಹೊಡೆಯುತ್ತಾನೆ. ಆಗ ಮೊದಲ ಸಾಲಿನವರು ಕುರ್ಚಿ ಎಳೆದುಕೊಂಡು ಹಿಂದೆ ಬರುವುದನ್ನು ದಿನವೂ ನೋಡುತ್ತಿದ್ದೆ. ಹೀಗಾಗಿ ತೆಂಗಿನ ಮರಗಳ ಸಾಲಿನ ಕೆಳಗೆ, ಹುಲ್ಲುಹಾಸು ಮುಗಿದು ಮರಳು ಶುರುವಾಗುವಲ್ಲಿ, ಸ್ಪೀಕರಿನಿಂದ ದೂರದಲ್ಲಿ, ಸ್ನಾನಗೃಹಕ್ಕೆ ಮೆಟ್ಟಿಲಿಲ್ಲದ ದಾರಿಯಿರುವ ಜಾಗ ಕೊಡಿ ಎಂದು ಕೇಳಿ. ಮಂಡಿ ನೋವಿನ ಹಿರಿಯರಿದ್ದಾರೆ ಎಂದರೆ ಮುಖ್ಯ ಬಾಗಿಲಿನಿಂದ ಬಗ್ಗಿ ಎಂಬ ಸಣ್ಣ ತೆರೆದ ಗಾಡಿಯಲ್ಲಿ ಬಿಡುವ ವ್ಯವಸ್ಥೆಯೂ ಹಲವು ಕಡೆ ಇರುತ್ತದೆ. ಆದರೆ ತಗ್ಗಿದ ಮಂಚದ ಮೇಲೆ ಅವರನ್ನು ಕೂರಿಸಬೇಡಿ. ಕೂತರೆ ಏಳಲು ಕಷ್ಟ. ಕೈಯಿರುವ ಎತ್ತರದ ಕುರ್ಚಿಯೊಂದನ್ನು ಊಟದ ಕೋಣೆಯಿಂದ ತರಿಸಿಕೊಡಿ ಎಂದರೆ ತಂದುಕೊಡುತ್ತಾರೆ.

ಅಘನಾಶಿನಿ, ಕುಮಟಾ

ತಂಗಿ, ನಾನು ಎರಡು ವರ್ಷಗಳ ಹಿಂದೆ ನಮ್ಮ ಅತ್ತೆಯವರನ್ನು ಇಂಥದ್ದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಜಾಗದ ಹೆಸರು ಬೇಡ. ಆ ದಿನ ನಡೆದದ್ದು ನಿನ್ನ ಆಯಿಗೆ ನಡೆಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅತ್ತೆಯವರಿಗೆ ಈಜುಕೊಳದ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡುವ ಮನಸ್ಸಾಯಿತು. ನೂಲಿನ ಸೀರೆ ಉಟ್ಟಿದ್ದರು. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟು, ಮೊಮ್ಮಕ್ಕಳನ್ನು ನೋಡಿ ನಗುತ್ತಿದ್ದವರನ್ನು ಅಲ್ಲಿಯ ಸಿಬ್ಬಂದಿಯೊಬ್ಬ ಸೀಟಿ ಊದಿ ಎಬ್ಬಿಸಿದ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆಯವರು ಏನೂ ಮಾತಾಡದೆ ಒದ್ದೆಯಾದ ನೆರಿಗೆಯನ್ನು ಹಿಂಡಿಕೊಂಡು ಬಂದು ಕೂತರು, ಸಂಜೆಯವರೆಗೂ ಆ ಕುರ್ಚಿ ಬಿಟ್ಟು ಏಳಲಿಲ್ಲ. ನೂಲಿನ ಎಳೆಗಳು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆಂಬ ಕಾರಣಕ್ಕೆ ಈಜುಕೊಳದಲ್ಲಿ ನೈಲಾನ್ ಇಲ್ಲವೇ ಲೈಕ್ರಾ ಬಟ್ಟೆಯೇ ಆಗಬೇಕೆಂಬ ನಿಯಮ ಎಲ್ಲ ಕಡೆಯೂ ಇದೆ, ಅದು ತಪ್ಪಲ್ಲ. ಆದರೆ ಅದನ್ನು ನಾನು ಮೊದಲೇ ತಿಳಿದುಕೊಂಡು ಅವರ ಕಿವಿಯಲ್ಲಿ ಹೇಳಿದ್ದರೆ ಆ ಸೀಟಿ ಊದುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಕೊರಗು ನನಗೆ ಇವತ್ತಿಗೂ ಇದೆ.

ನಿನ್ನ ಮಗಳಿಗೆ ಉದ್ದ ತೋಳಿನ ನೈಲಾನ್ ಈಜುಡುಗೆ, ತಲೆಗೆ ಟೋಪಿ ತೆಗೆದುಕೊಂಡು ಹೋಗು. ನಿನಗೂ ಮೊಣಕಾಲ ಕೆಳಗಿನವರೆಗೆ ಬರುವ ಅಂಥದ್ದೇ ಉಡುಗೆ ಸಿಗುತ್ತದೆ, ಹುಬ್ಬಳ್ಳಿಗೆ ಹೋದಾಗ ನೋಡು. ಆಯಿ ಈಜುಕೊಳದ ಗೊಡವೆಗೆ ಹೋಗದೆ ಸಮುದ್ರದಲ್ಲೇ ಕಾಲಾಡಿಸಲಿ, ಅಲ್ಲಿ ಸೀರೆಗೆ ಯಾರ ತಕರಾರೂ ಇಲ್ಲ. ಆದರೆ ಪಾದ ಮುಳುಗುವಷ್ಟು ನೀರಿಗಿಂತ ಆಚೆ ಬೇಡ. ತೆರೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ. ಮೊಣಕಾಲವರೆಗೆ ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಗಟ್ಟಿಯವರೂ ಮುಗ್ಗರಿಸುತ್ತಾರೆ. ಹಗುರವಾದ, ಬೇಗ ಒಣಗುವ ಸಿಂಥೆಟಿಕ್ ಸೀರೆಯನ್ನು ಎರಡು ಬೆರಳು ಎತ್ತರಕ್ಕೆ ಉಡಿಸು, ನೀನು ಕೈ ಹಿಡಿದುಕೊಂಡೇ ಇರು. ಕಾಲುಂಗುರ, ಬೆರಳಿನ ಉಂಗುರಗಳನ್ನು ಹಿಂದಿನ ದಿನವೇ ತೆಗೆದಿಡಿಸು. ನೀರಿನಲ್ಲಿ ಬೆರಳು ತಣ್ಣಗಾದಾಗ ಉಂಗುರ ಸಡಿಲವಾಗಿ ಜಾರುತ್ತದೆ, ಮರಳಿಗೆ ಬಿದ್ದದ್ದು ಸಿಗುವುದಿಲ್ಲ. ಕರಿಮಣಿ ತೆಗೆಯಲು ಆಯಿ ಒಪ್ಪಲಿಕ್ಕಿಲ್ಲ. ಅದನ್ನು ರವಿಕೆಯೊಳಗೆ ಪಿನ್ ಹಾಕಿದರೆ ಸಾಕು.

ಊಟದ ವಿಷಯ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ಆದರೆ ಮಗುವಿನ ಆಹಾರ, ಔಷಧಿಗೆ ಅಡ್ಡಿ ಮಾಡುವುದಿಲ್ಲ. ಸಸ್ಯಾಹಾರ ಎಂದರೆ ಪನೀರು, ಪಾಸ್ತಾ ಎಂದುಕೊಳ್ಳುವವರೇ ಹೆಚ್ಚು. ನಾವು ಹಿಂದಿನ ದಿನವೇ ಫೋನು ಮಾಡಿ ಅನ್ನ, ತೊವ್ವೆ, ಒಂದು ಪಲ್ಯ, ಮೊಸರು ಬೇಕೆಂದು ಹೇಳಿಟ್ಟಿದ್ದರೆ ಮಾಡಿಕೊಡುತ್ತಿದ್ದರು. ಹೇಳದೇ ಹೋದದ್ದರಿಂದ ಅತ್ತೆಯವರ ಊಟ ಮೂರು ಗಂಟೆಗಾಯಿತು. ನೀನು ಹೇಳಿಡು, ಹನ್ನೆರಡೂವರೆಗೇ ತಟ್ಟೆ ಬರಲಿ ಎಂದೂ ಹೇಳು. ಅಪ್ಪಯ್ಯನವರಿಗೆ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದರೆ ಇದನ್ನು ಬಿಡಲೇಬೇಡ.

ಇನ್ನೊಂದು ಸಲಹೆ ಕೊಡುತ್ತೇನೆ, ಬೇಡವೆನಿಸಿದರೆ ಬಿಡು. ಅದಕ್ಕಿಂತ ಮೊದಲು ಒಂದು ದಿನ ಹೊನ್ನಾವರದ ಕಾಸರಕೋಡಿಗೆ ಹೋಗಿ ಬನ್ನಿ. ಪಡುಬಿದ್ರಿಯ ಜೊತೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರವೆಂಬ ಅಂತರರಾಷ್ಟ್ರೀಯ ಮಾನ್ಯತೆ, ಪಡೆದ ಕಡಲತೀರ ಅದು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಎಲ್ಲವೂ ಇದ್ದು ಖರ್ಚು ಬಹಳ ಕಡಿಮೆ. ಅಪ್ಪಯ್ಯ ಮರಳಿನಲ್ಲಿ ಎಷ್ಟು ಹೆಜ್ಜೆ ಹಾಕಬಲ್ಲರು, ಆಯಿಗೆ ಬಿಸಿಲು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಮಾಜಾಳಿ ದಂಡೆ

ಎಲ್ಲರೂ ಬಿಲ್ಲು, ಬಟ್ಟೆ, ಊಟದ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ನಾನು ಮೀನುಗಾರರ ಮನೆಯವನಾದ್ದರಿಂದ ನೀರಿನ ಬಗ್ಗೆ ಮಾತ್ರ ಹೇಳುತ್ತೇನೆ.

ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ, ತಿಥಿಯಿಂದ ಸಮುದ್ರದ ಹೊತ್ತು ತಿಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಮ್ಮ ಕಡೆ ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ಉಬ್ಬರ ತುಂಬಿ ಬರುತ್ತದೆ, ಸಂಜೆಗೆ ನೀರು ದೂರ ಇಳಿದು ಗಟ್ಟಿಯಾದ ಒದ್ದೆ ಮರಳಿನ ಅಗಲವಾದ ದಂಡೆ ಬಿಟ್ಟುಕೊಡುತ್ತದೆ. ಮಂಡಿ ನೋವಿದ್ದವರಿಗೆ ಒಣ ಮರಳು ಕಷ್ಟ, ಇಳಿತದ ಹೊತ್ತಿನ ಈ ಗಟ್ಟಿ ಮರಳಿನ ಮೇಲೆ ಅಂಗಳದಲ್ಲಿ ನಡೆದಂತೆ ನಡೆಯಬಹುದು. ದಿನದಿಂದ ದಿನಕ್ಕೆ ಉಬ್ಬರ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತವೇ ಕಡಿಮೆ. ನನ್ನನ್ನು ಕೇಳಿದರೆ ಹುಣ್ಣಿಮೆಯ ಮರುದಿನ ಇಲ್ಲವೇ ಅದರಾಚೆಯ ದಿನ ಹೋಗಿ. ಅಪ್ಪಯ್ಯನವರು ಸಂಜೆ ನಿಮ್ಮ ಕೈ ಹಿಡಿಯದೆಯೇ ನೀರಿನ ಅಂಚಿನವರೆಗೆ ನಡೆದಾರು.

ಮಗು ನೀರಿಗಿಳಿಯುವುದಾದರೆ ಹನ್ನೊಂದರೊಳಗೆ ಇಳಿಯಲಿ. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬೀಸುವುದರಿಂದ ನೀರು ಸಮವಾಗಿರುತ್ತದೆ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ತೆರೆಗಳು ಮುರಿಯತೊಡಗುತ್ತವೆ. ಕ್ಲಬ್ಬಿನ ಹುಡುಗ ಏನೇ ಹೇಳಲಿ, ದಂಡೆಯ ಮೇಲಿನ ಬಾವುಟವನ್ನೇ ನಂಬಿ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ, ಬರೀ ಕೆಂಪು ಬಾವುಟವಿದ್ದರೆ ಇಳಿಯಲೇಬಾರದು. ಎರಡೂ ಕಡೆ ತೆರೆ ಬಿಳಿಯಾಗಿ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಷ್ಟು ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಹೊಸಬರು ಅದೇ ಒಳ್ಳೆಯ ಜಾಗವೆಂದುಕೊಳ್ಳುತ್ತಾರೆ. ಹೊರಗೆಳೆಯುವ ಸೆಳೆತ ಇರುವುದೇ ಅಲ್ಲಿ. ಸಿಕ್ಕಿಕೊಂಡರೆ ದಡದ ಕಡೆಗೆ ಹೆಣಗಾಡಬಾರದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಘಟ್ಟದ ಮೇಲಿನ ಹೊಳೆಯಲ್ಲಿ ಈಜು ಕಲಿತವರು ಸಮುದ್ರವೂ ಹಾಗೆಯೇ ಎಂದುಕೊಂಡು ಮುಂದೆ ಹೋಗುವುದನ್ನು ನಾನು ಗೋಕರ್ಣದ ಓಂ ಬೀಚಿನಲ್ಲಿ ಕಣ್ಣಾರೆ ಕಂಡಿದ್ದೇನೆ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ತೋಟದಮನೆ, ಶಿರಸಿ

ಮೂವರಿಗೂ ನನ್ನ ನಮಸ್ಕಾರಗಳು. ನಿನ್ನೆ ರಾತ್ರಿ ಊಟವಾದಮೇಲೆ ನಿಮ್ಮ ಬರಹಗಳನ್ನು ಅಪ್ಪಯ್ಯನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ತಾವಾಗಿಯೇ ಎದ್ದು ಪಂಚಾಂಗ ತಂದು, ಕನ್ನಡಕ ಹಾಕಿಕೊಂಡು, ಹುಣ್ಣಿಮೆಯ ಆಚೆಗಿನ ಎರಡು ದಿನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಸಮುದ್ರಕ್ಕೆ ಹೋಗಲು ತಿಥಿ ನೋಡಬೇಕೆಂಬುದು ಅವರಿಗೆ ಬಹಳ ಒಪ್ಪಿಗೆಯಾಯಿತು. ಕುಮಟಾದ ಅಕ್ಕ ಹೇಳಿದಂತೆ ಮೊದಲು ಕಾಸರಕೋಡಿಗೆ ಒಂದು ಸಲ ಹೋಗಿಬರುತ್ತೇವೆ. ನಿಮ್ಮ ಅತ್ತೆಯವರ ವಿಷಯ ಓದಿ ಆಯಿ ತುಂಬ ನೊಂದುಕೊಂಡಳು, ಅವರನ್ನೂ ಒಂದು ದಿನ ಶಿರಸಿಗೆ ಕರೆದುಕೊಂಡು ಬರಬೇಕೆಂದು ಹೇಳಲು ಹೇಳಿದ್ದಾಳೆ.

ಇನ್ನು ಎರಡು ಪ್ರಶ್ನೆಗಳು ಉಳಿದಿವೆ. ಸೂರ್ಯ ಮುಳುಗುವುದನ್ನು ನೋಡಿಯೇ ಹೊರಟರೆ ತಡವಾಗುವುದಿಲ್ಲವೇ? ಮತ್ತೊಂದು, ಅಪ್ಪಯ್ಯನಿಗೆ ಊಟವಾದಮೇಲೆ ಕವಳ ಬೇಕೇ ಬೇಕು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಳಗೆ ಒಯ್ಯಲು ಬಿಡುತ್ತಾರೆಯೇ? ಇದನ್ನು ಕೇಳಲು ಸ್ವಲ್ಪ ಸಂಕೋಚವೇ ಆಗುತ್ತಿದೆ, ಆದರೆ ಕವಳವಿಲ್ಲದಿದ್ದರೆ ಅವರಿಗೆ ಇಡೀ ಮಧ್ಯಾಹ್ನ ಕಳೆಯುವುದಿಲ್ಲ.

ಕೋಡಿಬಾಗ, ಕಾರವಾರ

ಸಂಕೋಚ ಏಕೆ ಅಕ್ಕಾ, ಇದು ಕೇಳಲೇಬೇಕಾದ ಪ್ರಶ್ನೆ. ಡಬ್ಬಿಯನ್ನು ಬಾಗಿಲಲ್ಲಿ ತಡೆದರೆ ಊಟದ ನಂತರ ಹಾಕುವ ವೀಳ್ಯವೆಂದು ಹೇಳಿ, ತಂಬಾಕು ಇರದಿದ್ದರೆ ಹೆಚ್ಚಿನವರು ಒಪ್ಪುತ್ತಾರೆ. ಉಗುಳುವುದು ಮಾತ್ರ ಕೂಡದು. ಸಾರ್ವಜನಿಕ ಜಾಗದಲ್ಲಿ ಉಗುಳುವುದನ್ನು ನಿಷೇಧಿಸುವ ಕಾನೂನು ಗೋವಾದಲ್ಲಿ 1997ರದ್ದೇ ಇದೆ, ಅದಕ್ಕಿಂತ ಹೆಚ್ಚಾಗಿ ಬಿಳಿಯ ಟವೆಲ್ಲಿನ ಮೇಲೆ ಕವಳದ ಒಂದು ಹನಿ ಬಿದ್ದರೂ ಅದರ ಬೆಲೆಯನ್ನು ಬಿಲ್ಲಿಗೆ ಸೇರಿಸುತ್ತಾರೆ. ಮುಚ್ಚಳವಿರುವ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ಜೊತೆಗಿಟ್ಟುಕೊಂಡು, ಹುಲ್ಲುಹಾಸಿನ ಹಿಂದೆ, ಬೇರೆಯವರಿಂದ ದೂರದಲ್ಲಿ ಕುರ್ಚಿ ಹಾಕಿಸಿಕೊಂಡರೆ ಯಾರಿಗೂ ತೊಂದರೆಯಿಲ್ಲ.

ಫೆಬ್ರವರಿಯಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಐದಕ್ಕೇ ಎಲ್ಲರ ಸ್ನಾನ ಮುಗಿಸಿ, ಒದ್ದೆ ಬಟ್ಟೆಗಳನ್ನು ಕಾರಿಗೆ ಹಾಕಿ, ಬಿಲ್ಲು ಕೊಟ್ಟುಬಿಡಿ. ಆಮೇಲೆ ಆಯಿಯ ಪಕ್ಕದಲ್ಲಿ ಬಂದು ಕೂತರೆ ಮುಂದಿನ ಒಂದೂವರೆ ಗಂಟೆ ಯಾರಿಗೂ ಯಾವ ಕೆಲಸವೂ ಉಳಿದಿರುವುದಿಲ್ಲ. ಏಳು ಗಂಟೆಗೆ ಹೊರಟರೂ ಒಂಬತ್ತರ ಸುಮಾರಿಗೆ ಕಾರವಾರ. ಆ ರಾತ್ರಿಯೂ ಇಲ್ಲಿಯೇ ಮಲಗಿ, ದೇವಿಮನೆ ಘಟ್ಟವನ್ನು ಮರುದಿನ ಬೆಳಕಿನಲ್ಲಿ ಹತ್ತಿ.